ಪ್ರಣಾಳಿಕೆ ಎತ್ತಿಟ್ಕೊಂಡಿದೀನಿ

ಹೊಸ ಸರ್ಕಾರ ಬಂತು, ಪ್ರಮಾಣವಚನ ಆಯ್ತು, ಹಾರ ತುರಾಯಿ ಎಲ್ಲಾ ಮುಗೀತು. ನಾನಂತೂ ಅವರ ಪ್ರಣಾಳಿಕೆ ಪ್ರಿಂಟ್ ತೆಗ್ಸಿ ಇಟ್ಕೊಂಡಿದೀನಿ, ಕೆಲಸ ಕೊಡ್ತೀವಿ, ಬೆಲೆ ಇಳಿಸ್ತೀವಿ, ತೆರಿಗೆ ಹೊರೆ ಕಮ್ಮಿ ಮಾಡ್ತೀವಿ ಅಂದಿರೋ ಒಂದೊಂದು ಸಾಲಿನ ಕೆಳಗೂ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಜಾಗ ಬಿಟ್ಟಿದೀನಿ, ಯಾವಾಗ, ದುಡ್ಡು ಎಲ್ಲಿಂದ ಅಂತ ಬರೆಯೋಕೆ. ಎಷ್ಟೋ ಸಾಲಿಗೆ ತಾರೀಖೇ ಇಲ್ಲ, ಅದು ನೋಡಿ ಹೊಟ್ಟೆ ಉರೀತು.

ಬಜೆಟ್ ದಿನ ಘೋಷಣೆ ಕೇಳಿ ಚಪ್ಪಾಳೆ ತಟ್ಟೋದು ಸುಲಭ, ಆದ್ರೆ ಎತ್ತಿಟ್ಟ ಹಣ ಬೇರೆ, ಆಮೇಲೆ ತಿದ್ದಿ ಹೇಳೋ ಪರಿಷ್ಕೃತ ಅಂದಾಜು ಬೇರೆ, ನಿಜವಾಗ್ಲೂ ಖರ್ಚಾಗಿದ್ದು ಬೇರೆ, ಆ ಕೊನೇ ಅಂಕಿ ಬರೋಷ್ಟರಲ್ಲಿ ವರ್ಷ ಕಳೆದು ಜನ ಮರೆತಿರ್ತಾರೆ. ಅಲ್ಲೇ ನೋಡಿ ಮಾತು ತಪ್ಪೋದು. ಅಮೆರಿಕದಲ್ಲಿ 2009ರಲ್ಲಿ ಒಬಾಮಾ ಅಧಿಕಾರಕ್ಕೆ ಬಂದಾಗ ರಾಜಕಾರಣಿಗಳ ಮಾತು ನಿಜಾನಾ ಅಂತ ಪರೀಕ್ಷಿಸೋ ಪಾಲಿಟಿಫ್ಯಾಕ್ಟ್ ಅನ್ನೋ ವೆಬ್‌ಸೈಟ್‌ನ ಪತ್ರಕರ್ತರು ಅವರ 500ಕ್ಕೂ ಹೆಚ್ಚು ಭರವಸೆಗಳನ್ನ ಪಟ್ಟಿ ಮಾಡಿ, ಈಡೇರಿತು, ಮುರೀತು ಅಂತ ಒಂದೊಂದಕ್ಕೂ ಗುರುತು ಹಾಕ್ತಾ ಹೋದ್ರು. ಅಷ್ಟು ತಾಳ್ಮೆ ಬೇಕು.

"ಈಗಷ್ಟೇ ಬಂದಿದಾರೆ, ಟೈಮ್ ಕೊಡಿ" ಅಂತಾರೆ. ಕೊಡೋಣ, ಖಜಾನೆ ಖಾಲಿ ಇದ್ರೆ ಅದನ್ನೂ ಲೆಕ್ಕ ಇಟ್ಟು ಹೇಳ್ಲಿ, ಕೇಳ್ತೀವಿ. ಆದ್ರೆ ವೋಟ್ ಹಾಕಿದ ಪಕ್ಷ ಅಂತ ಸುಮ್ನಿರಲ್ಲ, ವೋಟ್ ಹಾಕಿದೀನಿ ಅಂತಾನೇ ಮೊದ್ಲು ಕೇಳೋದು ನಾನು.