ಮಗುಚಿ ನೋಡಿ ಕೊಂಡ ದೋಣಿ

ಅಪ್ಪ ಅಮೆರಿಕದ ಮಿನೆಸೋಟಕ್ಕೆ ಬಂದು ಹತ್ತು ದಿನ ಆಗಿತ್ತು. ಆ ಶನಿವಾರ ಬೆಳಿಗ್ಗೆ ಗುರುತು ಪರಿಚಯ ಇಲ್ಲದ ಒಬ್ಬರ ಮನೆಯ ಗ್ಯಾರೇಜ್ ಮುಂದೆ ನಿಂತು ನಾನು ಒಂದು ಹಸಿರು ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ನೋಡುತ್ತಿದ್ದೆ. ಸೀಟು ಗಟ್ಟಿಯಾಗಿದೆ, ಬಣ್ಣ ಹೊಳೆಯುತ್ತಿದೆ, ಬೆಲೆ ಇನ್ನೂರು ಡಾಲರ್. ನನಗೆ ಆಗಲೇ ಮನಸ್ಸಾಗಿತ್ತು. ಅಪ್ಪ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಮೊದ್ಲು ಮಗುಚಿ ಹಾಕು ಮಾರಾಯ್ತಿ. ದೋಣಿ ಕೊಳ್ಳೋರು ಯಾರಾದ್ರೂ ಮೇಲಿಂದ ನೋಡ್ತಾರಾ?"

ಇಬ್ಬರೂ ಸೇರಿ ಮಗುಚಿ ಹಾಕಿದೆವು. ಸೀಟಿನ ಕೆಳಗೆ ನೀರು ಇಳಿದು ಹೋಗಲು ಬಿಟ್ಟಿರುವ ತೂತುಗಳಿರುತ್ತವೆ, ಇಲ್ಲಿಯವರು ಸ್ಕಪ್ಪರ್ ಅನ್ನುತ್ತಾರೆ. ಒಂದು ತೂತಿನ ಅಂಚಿನಿಂದ ಕೂದಲೆಳೆಯಂಥ ಬಿಳಿ ಗೆರೆ ಹೊರಟಿತ್ತು. ಅದರ ಮೇಲೆ ಏನೋ ಅಂಟು ಬಳಿದಿದ್ದರು. ಅಪ್ಪ ಉಗುರು ಹಾಕಿ ಕೆರೆದರು. ಹಲಸಿನ ಮೇಣ ಕೈಯಿಂದ ಎದ್ದು ಬರುವ ಹಾಗೆ ಅಂಟು ಇಡಿಯಾಗಿ ಸುರುಳಿ ಸುತ್ತಿಕೊಂಡು ಬಂತು. ಒಳಗೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಬಿರುಕು.

ಈ ಕಯಾಕ್ ಮಾಡಿದ್ದು ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ಕಿನಿಂದ. ಅಪ್ಪನಿಗೆ ಅದೇನು ಅಂತ ಗೊತ್ತಿಲ್ಲ. ಆದರೆ ದೋಣಿ ಗೊತ್ತು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮುಳುಗಡೆ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಪ್ಪ ಹನ್ನೆರಡು ವರ್ಷದ ಹುಡುಗ. ಗದ್ದೆ ಇದ್ದ ಜಾಗದಲ್ಲಿ ನೀರು ನಿಂತಿತು. ಆಮೇಲೆ ಪೇಟೆಗೆ, ನೆಂಟರ ಮನೆಗೆ, ಆಸ್ಪತ್ರೆಗೆ, ಎಲ್ಲದಕ್ಕೂ ದೋಣಿಯೇ. ವರ್ಷಕ್ಕೊಮ್ಮೆ ದೋಣಿ ದಡಕ್ಕೆಳೆದು, ಬೋರಲು ಹಾಕಿ, ಗೇರೆಣ್ಣೆ ಬಳಿಯುತ್ತಿದ್ದುದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ನಾನು ಕಥೆ ಅಂತ ಕೇಳಿಸಿಕೊಂಡಿದ್ದೆ. ಅದೊಂದು ವಿದ್ಯೆ ಅಂತ ಗೊತ್ತಾಗಿದ್ದು ಆ ಗ್ಯಾರೇಜ್ ಮುಂದೆ.

ನಾವಿರುವುದು ಪ್ಲಿಮತ್‌ನಲ್ಲಿ. ಮೆಡಿಸಿನ್ ಲೇಕ್ ಅನ್ನುವ ಕೆರೆ ಮನೆಯಿಂದ ಕಾರಲ್ಲಿ ಹತ್ತು ನಿಮಿಷ. ಹತ್ತು ಸಾವಿರ ಕೆರೆಗಳ ನಾಡು ಅಂತ ಇಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೇ ಬರೆದಿರುತ್ತದೆ. ಹತ್ತು ಎಕರೆಗಿಂತ ದೊಡ್ಡವನ್ನೇ ಎಣಿಸಿದರೂ 11,842 ಕೆರೆಗಳಿವೆ. ವರ್ಷದಲ್ಲಿ ನಾಲ್ಕೈದು ತಿಂಗಳು ಮಂಜುಗಡ್ಡೆ, ಮಿಕ್ಕ ತಿಂಗಳು ನೀರು. ಬೇಸಿಗೆಯಲ್ಲಿ ಮನೆಯೊಳಗೆ ಕೂತರೆ ಮಕ್ಕಳು ಸುಮ್ನೆ ಬಿಡುವುದಿಲ್ಲ. ಕಯಾಕ್ ಬಾಡಿಗೆಗೆ ತೆಗೆದುಕೊಂಡರೆ ನಾಲ್ಕು ಜನಕ್ಕೆ ಒಂದು ಮಧ್ಯಾಹ್ನ ನೂರು ಡಾಲರ್ ಹತ್ತಿರ ಬರುತ್ತಿತ್ತು. ಹಾಗಾಗಿ ಎರಡು ವರ್ಷದ ಹಿಂದೆ ಗಾಳಿ ತುಂಬುವ ಕಯಾಕ್ ಒಂದು ಕೊಂಡೆವು. ಅಗ್ಗ, ಡಿಕ್ಕಿಯಲ್ಲಿ ಹಿಡಿಸುತ್ತದೆ, ಹಗುರ. ಮೊದಲ ಬೇಸಿಗೆ ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಸಲವೂ ಪೂರ್ತಿ ಒಣಗಿಸಿ ಮಡಚಬೇಕು. ಮಕ್ಕಳಿಗೆ ಹಸಿವು, ನಮಗೆ ಸುಸ್ತು, ಯಾರು ಒಣಗಿಸುತ್ತಾರೆ? ಮಡಿಕೆಯಲ್ಲಿ ಬೂಷ್ಟು ಹಿಡಿಯಿತು. ಎರಡನೇ ಬೇಸಿಗೆಯಲ್ಲಿ ಹೊಲಿಗೆಯ ಹತ್ತಿರ ಗಾಳಿ ಸೋರಲು ಶುರುವಾಯಿತು. ಮಗಳು ಕೂತಿದ್ದಾಗಲೇ ಒಂದು ಪಕ್ಕ ಮೆತ್ತಗಾಗಿದ್ದು ನೋಡಿ ನನ್ನ ಎದೆ ಝಲ್ಲೆಂದಿತ್ತು. ದಡ ಹತ್ತಿರವಿತ್ತು, ಏನೂ ಆಗಲಿಲ್ಲ. ಆದರೆ ಅವತ್ತೇ ಅದನ್ನು ಕಸಕ್ಕೆ ಹಾಕಿದೆ.

ಗಟ್ಟಿ ಪ್ಲಾಸ್ಟಿಕ್ಕಿನದ್ದೇ ಬೇಕು ಅಂತ ತೀರ್ಮಾನ ಆಗಿದ್ದು ಹಾಗೆ. ಅದರಲ್ಲೂ ಎರಡು ಬಗೆ. ಹೊಟ್ಟೆಯೊಳಗೆ ಕಾಲು ಚಾಚಿ ಕೂರುವುದು ಸಿಟ್-ಇನ್. ಮೇಲೆಯೇ ಕೂರುವುದು ಸಿಟ್-ಆನ್-ಟಾಪ್. ಸಿಟ್-ಇನ್ ಹಗುರ, ಚಳಿಗಾಳಿಗೆ ಬೆಚ್ಚಗೆ, ಬಟ್ಟೆಯೂ ಅಷ್ಟು ಒದ್ದೆಯಾಗುವುದಿಲ್ಲ. ನನಗೆ ಅದರ ಮೇಲೇ ಆಸೆ ಇತ್ತು. ಆದರೆ ಹೋದ ವರ್ಷ ಸ್ನೇಹಿತರ ಸಿಟ್-ಇನ್‌ನಲ್ಲಿ ಕೂತು ಸೊಂಟದ ಮಟ್ಟದ ನೀರಲ್ಲಿ ಮಗುಚಿ ಬಿದ್ದಿದ್ದೆ. ಈಜು ಬರುತ್ತದೆ, ಲೈಫ್ ಜಾಕೆಟ್ ಇತ್ತು, ಹೆದರಿಕೆ ಆಗಲಿಲ್ಲ. ಕಷ್ಟ ಆಗಿದ್ದು ಆಮೇಲೆ. ಒಳಗೆಲ್ಲ ನೀರು ತುಂಬಿತ್ತು. ನೂರು ಲೀಟರ್ ನೀರು ಅಂದರೆ ನೂರು ಕೆಜಿ. ನಾವಿಬ್ಬರು ದೊಡ್ಡವರು ಎಳೆದರೂ ಅದು ಎಮ್ಮೆ ಮಲಗಿದ ಹಾಗೆ ಮಲಗಿತ್ತು. ನಡುಕೆರೆಯಲ್ಲಿ ಒಬ್ಬಳೇ ಇದ್ದಿದ್ದರೆ? ಪಕ್ಕದಲ್ಲಿ ಏಳು ವರ್ಷದ ಮಗಳೂ ಇದ್ದಿದ್ದರೆ? ಸಿಟ್-ಆನ್-ಟಾಪ್ ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ಮೇಲೆ ಬಂದ ನೀರು ಆ ತೂತುಗಳಿಂದ ತಾನಾಗಿ ಇಳಿದು ಹೋಗುತ್ತದೆ. ಮಕ್ಕಳಿರುವ ಮನೆಗೆ ಅದೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ.

ಹಸಿರು ಕಯಾಕ್ ಬಿಟ್ಟು ಹೊರಟಾಗ ಕಾರಲ್ಲಿ ಅಪ್ಪ ಕೇಳಿದರು: "ಆ ಅಂಟು ಯಾಕೆ ಹಿಡೀಲಿಲ್ಲ?" ಇದಕ್ಕೆ ಉತ್ತರ ಕೊಡಲು ನನಗೆ ಖುಷಿಯಾಯಿತು, ಕೆಲಸದಲ್ಲಿ ನಾನು ನೋಡುವುದು ಪ್ಲಾಸ್ಟಿಕ್ ಭಾಗಗಳನ್ನೇ. ಪಾಲಿಎಥಿಲೀನ್ ಪುಡಿಯನ್ನು ದೊಡ್ಡ ಅಚ್ಚಿಗೆ ಹಾಕಿ, ಒಲೆಯಲ್ಲಿ ಕಾಯಿಸುತ್ತಾ ಎಲ್ಲ ದಿಕ್ಕಿಗೂ ತಿರುಗಿಸುತ್ತಾರೆ. ಪುಡಿ ಕರಗಿ ಅಚ್ಚಿನ ಒಳಮೈಗೆ ಸಮನಾಗಿ ಹರಡುತ್ತದೆ. ತಣ್ಣಗಾದ ಮೇಲೆ ತೆಗೆದರೆ ಇಡೀ ದೋಣಿ ಒಂದೇ ತುಂಡು, ಎಲ್ಲೂ ಕೂಡುವ ಗೆರೆ ಇಲ್ಲ. ಕಲ್ಲಿಗೆ ಬಡಿದರೆ ಒಡೆಯುವುದಿಲ್ಲ, ತಗ್ಗಾಗುತ್ತದೆ ಅಷ್ಟೇ. ಬಿಸಿಲಿಗಿಟ್ಟರೆ ಸಣ್ಣ ತಗ್ಗು ಮೇಲೆದ್ದೂ ಬರುತ್ತದೆ. ಆದರೆ ಅದರ ಮೈ ಮೇಣದ ಥರ, ಅಂಟು ಕಚ್ಚುವುದೇ ಇಲ್ಲ. ಬಿರುಕು ಬಿಟ್ಟರೆ ಅದೇ ಪ್ಲಾಸ್ಟಿಕ್ ಕರಗಿಸಿ ಬೆಸೆಯಬೇಕು. ಅಪ್ಪ ತಲೆ ಆಡಿಸಿದರು. "ಹಂಗಾದ್ರೆ ಇದಕ್ಕೆ ಶತ್ರು ಕಲ್ಲಲ್ಲ, ಬಿಸಿಲು" ಅಂದರು. ಬಿಸಿಲು ಮಾಡುವ ಕೇಡಿನ ಮಾತಿಗೆ ನಾನಿನ್ನೂ ಬಂದೇ ಇರಲಿಲ್ಲ! ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಪಾಲಿಎಥಿಲೀನ್ ಬಣ್ಣ ಮಾಸಿ, ಸೀಮೆಸುಣ್ಣದ ಹಾಗೆ ಪುಡಿ ಬಿಟ್ಟು, ಪೆಡಸಾಗುತ್ತದೆ.

ಎರಡನೇ ಮನೆಯಲ್ಲಿ ವಯಸ್ಸಾದ ಒಬ್ಬರು ಎರಡು ಹಳದಿ ಸಿಟ್-ಆನ್-ಟಾಪ್‌ಗಳನ್ನು ಗ್ಯಾರೇಜಿನೊಳಗೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಹತ್ತು ಅಡಿ ಉದ್ದ, ಮೂವತ್ತು ಇಂಚು ಅಗಲ. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅಪ್ಪ ನೇರ ತಳಕ್ಕೇ ಹೋದರು. ಹಿಂದಿನ ತುದಿಯ ಮೇಲೆ ಅಂಗೈ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಜನ ದೋಣಿಯ ಮುಂದಿನ ಹಿಡಿಕೆ ಹಿಡಿದು ಕಾಂಕ್ರೀಟ್ ಮೇಲೆ ದರದರ ಎಳೆಯುತ್ತಾರೆ, ಸವೆಯುವುದು ಹಿಂದಿನ ತುದಿಯೇ. ಅಲ್ಲಿ ಒತ್ತಿದಾಗ ಒಳಗೆ ಹೋದರೆ ಪ್ಲಾಸ್ಟಿಕ್ ತೆಳುವಾಗಿದೆ ಅಂತ ಅರ್ಥ. ಒಳಗೆ ಹೋಗಲಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರು, ತೆಂಗಿನಕಾಯಿ ಆರಿಸುವಾಗ ಕಿವಿಗೊಡುವ ಹಾಗೆ. ಗೀರುಗಳು ಬೇಕಾದಷ್ಟಿದ್ದವು. "ಗೀರು ಇರ್ಲಿ, ನೀರು ಕಂಡಿದೆ ಅಂತ ಅಷ್ಟೇ" ಅಂದರು. ಮಾಲೀಕರಿಗೆ ಕನ್ನಡ ಗೊತ್ತಿಲ್ಲ, ಆದರೆ ಅಪ್ಪನ ಕೈ ನೋಡಿ ಅವರಿಗೆ ಗೌರವ ಬಂತು. ತಾವೇ ಬಗ್ಗಿ ಎರಡನೆಯದನ್ನೂ ಮಗುಚಿ ಹಾಕಿದರು.

ನನ್ನದೊಂದು ಪರೀಕ್ಷೆ ಬಾಕಿ ಇತ್ತು. ಕಯಾಕ್ ಸುಮಾರು ಐವತ್ತು ಪೌಂಡ್. ಇಂಡಿಯನ್ ಅಂಗಡಿಯಿಂದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎರಡನ್ನು ನಾನು ಒಟ್ಟಿಗೆ ಎತ್ತುತ್ತೇನೆ, ಇದು ಅದಕ್ಕಿಂತ ಸ್ವಲ್ಪ ಜಾಸ್ತಿ. ಮಧ್ಯದ ಹಿಡಿಕೆ ಹಿಡಿದು, ತೊಡೆಗೆ ಆನಿಸಿಕೊಂಡು ಎತ್ತಿ, ಹತ್ತು ಹೆಜ್ಜೆ ನಡೆದೆ. ಆಯ್ತು. ಇಬ್ಬರು ಕೂರುವ ಉದ್ದದ ಕಯಾಕ್ ಬೇಡ ಅಂತ ನಾನು ಹಟ ಹಿಡಿದಿದ್ದು ಇದಕ್ಕೇ. ನನ್ನ ಗಂಡ, ಇವರಿಗೆ ವಾರದ ಮಧ್ಯೆ ಬಿಡುವಿಲ್ಲ. ನಾನೊಬ್ಬಳೇ ಕಾರಿಗೆ ಏರಿಸಲಾಗದ ದೋಣಿ ಬೇಸಿಗೆ ಪೂರ್ತಿ ಗ್ಯಾರೇಜಲ್ಲೇ ಇರುತ್ತದೆ. ಹತ್ತು ಅಡಿಯದ್ದಕ್ಕೆ ಇನ್ನೊಂದು ಅನುಕೂಲ ಇದೆ. ಮಿನೆಸೋಟದಲ್ಲಿ ಹತ್ತು ಅಡಿ ದಾಟಿದ ಹುಟ್ಟಿನ ದೋಣಿಗೂ ರಿಜಿಸ್ಟ್ರೇಷನ್ ಬೇಕು, ಹತ್ತು ಅಡಿ ಅಥವಾ ಕಡಿಮೆ ಇದ್ದರೆ ಬೇಡ.

ಎರಡಕ್ಕೂ ಸೇರಿ ಮುನ್ನೂರೈವತ್ತು ಡಾಲರ್. ಮಗನಿಗೆ ಅಂಗಡಿಯಿಂದ ಆರು ಅಡಿಯ ಮಕ್ಕಳ ಕಯಾಕ್ ಹೊಸದೇ ತಂದೆವು, ಅದನ್ನು ಹನ್ನೊಂದು ವರ್ಷದ ಅವನೇ ಬಗಲಲ್ಲಿ ಹಿಡಿದು ನಡೆಯುತ್ತಾನೆ. ಉಳಿಸಿದ ದುಡ್ಡು ಹಾಕಿದ್ದು ಲೈಫ್ ಜಾಕೆಟ್ಟಿಗೆ. ಅಲ್ಲಿ ಮಾತ್ರ ನಾನು ಅಗ್ಗ ನೋಡಲಿಲ್ಲ, ಹಳೆಯದನ್ನೂ ಕೊಳ್ಳಲಿಲ್ಲ. ಕೋಸ್ಟ್ ಗಾರ್ಡ್ ಒಪ್ಪಿಗೆಯ ಚೀಟಿ ಒಳಗಡೆ ಇರಬೇಕು. ಮಗುವಿಗೆ ತೊಡಿಸಿ, ಭುಜದ ಪಟ್ಟಿ ಹಿಡಿದು ಮೇಲೆತ್ತಿದರೆ ಜಾಕೆಟ್ ಕಿವಿಯವರೆಗೆ ಜಾರಬಾರದು. ಹತ್ತು ವರ್ಷದ ಒಳಗಿನವರಿಗೆ ದೋಣಿಯಲ್ಲಿ ಅದು ಇಲ್ಲಿ ಕಾನೂನು. ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರಿಗೂ ಕಾನೂನು. ಅಪ್ಪ ಒಂದೂ ಮಾತಾಡದೆ ಹಾಕಿಕೊಂಡರು.

ಸಾಗಿಸುವಾಗ ಒಂದು ಎಡವಟ್ಟಾಯಿತು. ಇವರು ಲಾರಿ ಸಾಮಾನು ಬಿಗಿಯುವ ರ‍್ಯಾಚೆಟ್ ಪಟ್ಟಿ ತಂದು ಕರಕರ ಬಿಗಿದರು. ಮನೆ ತಲುಪುವಷ್ಟರಲ್ಲಿ ಒಂದು ಕಯಾಕಿನ ಪಕ್ಕ ತಗ್ಗಾಗಿತ್ತು. ಎರಡು ದಿನ ಬಿಸಿಲಿಗಿಟ್ಟ ಮೇಲೆ ಸರಿಯಾಯಿತು. ಈಗ ಕೈಯಲ್ಲಿ ಎಳೆದು ಬಿಗಿಯುವ ಪಟ್ಟಿ ಬಳಸುತ್ತೇವೆ. ಅದನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಹೈವೇಯಲ್ಲಿ ಗುಂಯ್ ಅನ್ನುವ ಸದ್ದೂ ಇರುವುದಿಲ್ಲ.

ಮೊದಲ ದಿನ ಮೆಡಿಸಿನ್ ಲೇಕಿನಲ್ಲಿ, ಫ್ರೆಂಚ್ ಪಾರ್ಕಿನ ದಡದಲ್ಲಿ ಇಳಿಸಿದೆವು. ಬೇಕಂತಲೇ ಎಲ್ಲರೂ ಒಂದೊಂದು ಸಲ ಮಗುಚಿ ಬಿದ್ದು, ಮತ್ತೆ ಹತ್ತುವುದನ್ನು ಕಲಿತೆವು. ಮಗಳು ಮೂರನೇ ಸಲಕ್ಕೆ ಕಪ್ಪೆಯ ಹಾಗೆ ಹೊಟ್ಟೆ ಮೇಲೆ ಜಾರಿ ಹತ್ತಿದಳು. ಆಮೇಲೆ ಅಪ್ಪನ ಸರದಿ. ಎರಡೂ ತುದಿಗೆ ಅಲಗಿರುವ ಹುಟ್ಟು ಅವರಿಗೆ ಹೊಸದು. ಹಳೆಯ ರೂಢಿಯಂತೆ ಒಂದೇ ಪಕ್ಕ ಹಾಕಿದರು. ದೋಣಿ ತಿರುಗಿತು. ಮಗಳು ಅಜ್ಜನ ಮುಂದೆ ಕಾಲು ಮಡಚಿ ಕೂತಿದ್ದಳು. "ಈ ಕಡೆ, ಆ ಕಡೆ ಅಜ್ಜಾ" ಅಂತ ಹೇಳಿಕೊಟ್ಟಳು. ಇಪ್ಪತ್ತು ಹುಟ್ಟು ಹಾಕುವಷ್ಟರಲ್ಲಿ ಲಯ ಸಿಕ್ಕಿತು. ಭುಜ ಸಡಿಲವಾಯಿತು. ದಡದ ಗುಂಟ ಜೊಂಡಿನ ಪಕ್ಕದಲ್ಲಿ ಇಬ್ಬರೂ ಹೋಗುತ್ತಿದ್ದರು. ಅಪ್ಪ ಏನೋ ಹೇಳುತ್ತಿದ್ದರು, ಮಗಳು ಕೇಳುತ್ತಿದ್ದಳು. ನೀರಿನ ಮೇಲೆ ಮಾತು ದೂರ ಬರುತ್ತದಲ್ವಾ, ಅಲ್ಲಲ್ಲಿ ಒಂದೊಂದು ಪದ ನನಗೂ ಕೇಳಿಸಿತು. ಗದ್ದೆ. ಮುಳುಗಡೆ. ಲಾಂಚು.

ವಾಪಸ್ ಬಂದು ಇಳಿದ ಕೂಡಲೇ ಇಬ್ಬರೂ ಸೇರಿ ಕಯಾಕನ್ನು ಹುಲ್ಲಿನ ಮೇಲೆ ಮಗುಚಿ ಹಾಕಿದರು. ಅಂಟಿದ ಪಾಚಿ ಕಿತ್ತು ತೆಗೆದರು. ಈ ಕೆರೆಯ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪುಜೀವಿ ಇನ್ನೊಂದು ಕೆರೆಗೆ ಹೋಗಬಾರದಲ್ಲ, ಅದಕ್ಕೆ ನೀರು ಬಸಿದು ಒಣಗಿಸಲೇಬೇಕು. ಮಗಳು ಅಜ್ಜನ ಹಾಗೇ ತಳದ ಮೇಲೆ ಅಂಗೈ ಇಟ್ಟು ಹಿಂದಿನಿಂದ ಮುಂದಿನವರೆಗೆ ಸವರಿಕೊಂಡು ಬಂದಳು.

"ಒಂದು ಹೊಸ ಗೀರು ಅಜ್ಜಾ" ಅಂದಳು.

"ಎಲ್ಲಿ, ತೋರ್ಸು" ಅಂತ ಅಪ್ಪ ಬಗ್ಗಿದರು.