ಮತ್ತ ಪಾಲಿಶ್ ಯಾಕ?

ಎಂವಿಎ (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರಿನ ಶಿಲ್ಪಕ್ಕೆ ದಪ್ಪನೆಯ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಬೇಕಿತ್ತು. ಕಲಬುರಗಿಯಿಂದ ಶಹಾಬಾದ್ ದೂರವೇನಲ್ಲ, ಹೋಗಿದ್ದೆ. ಪಾಲಿಶ್ ಯಾರ್ಡಿನ ಕಾಕಾ ಮೊದಲು ಕೇಳಿದ್ದು, "ಯಾವ ಖೋಲಿಗಿ ಹಾಕ್ತೀಯವ್ವಾ?"

"ಖೋಲಿಗಲ್ರಿ ಕಾಕಾ, ಮೂರ್ತಿ ಕೆತ್ತಾಕ."

"ಅಂದ್ರ ಅದರ ಮ್ಯಾಲ ಯಾರೂ ನಡ್ಯಂಗಿಲ್ಲ?"

"ಇಲ್ರಿ."

"ಮತ್ತ ಪಾಲಿಶ್ ಯಾಕ? ಮನಿಯಾಗ ಹಾಕಿ ನಡದ್ರ ತಾನೇ ಪಾಲಿಶ್ ಆಗ್ತದ."

ಪಾಲಿಶ್ ಮಾಡಿಯೇ ಹೊಟ್ಟೆ ಹೊರೆಯುವ ಮನುಷ್ಯ ಹೇಳುವ ಮಾತೇ ಇದು? ಕಲ್ಲು ಕೊಂಡು ಬಂದೆ. ವಾರವಾಯಿತು, ಕಲ್ಲಿಗಿಂತ ಈ ಮಾತೇ ಭಾರವಾಗಿದೆ.

ಶಹಾಬಾದ್ ಕಲ್ಲು ಪದರ ಪದರವಾಗಿ ಕೂತ ಸುಣ್ಣಕಲ್ಲು. ಹಾರೆ ಹಾಕಿ ಮೀಟಿದರೆ ಹಲಗೆ ಹಲಗೆಯಾಗಿ ಏಳುತ್ತದೆ. ನೆಲಕ್ಕೆ ಅದು ಅಷ್ಟು ಒಗ್ಗಿರುವುದು ಅದಕ್ಕೇ. ಮುಖ ಕೆತ್ತಲು ಹೋದರೆ ಗೋಳು. ಉಳಿ ಸ್ವಲ್ಪ ಓರೆಯಾದರೂ ಮೂಗು ಪದರದ ಸಮೇತ ಎದ್ದು ಬರುತ್ತದೆ. "ಸುಮ್ನೆ ಫೈಬರ್‌ನಲ್ಲಿ ಮಾಡು" ಎನ್ನುತ್ತಾರೆ ನಮ್ಮ ಸರ್. ನನ್ನ ಕ್ಲಾಸಿನ ಒಬ್ಬ ಅದನ್ನೇ ಮಾಡುತ್ತಾನೆ. ಊರೂರಿಗೂ ಬಸವಣ್ಣ ಬೇಕು, ಅಂಬೇಡ್ಕರ್ ಬೇಕು. ಅವನಿಗೆ ಬಿಡುವೇ ಇಲ್ಲ. ಹೊಟ್ಟೆಕಿಚ್ಚು ಅಂದರೂ ಸರಿ, ಅವನ ಮೂರ್ತಿಗಳೆಲ್ಲ ಒಂದೇ ಸಲೂನಿನಿಂದ ಎದ್ದು ಬಂದ ಹಾಗಿರುತ್ತವೆ.

ಈ ಕಲ್ಲಿನ ಸ್ವಭಾವ ಗೊತ್ತಿದ್ದವರ ಕೆಲಸ ನೋಡಬೇಕೆಂದರೆ ಭೀಮಾ ದಂಡೆಯ ಕನಗನಹಳ್ಳಿಗೆ ಹೋಗಬೇಕು. ಅಲ್ಲಿಯ ಸ್ತೂಪಕ್ಕೆ ಹೊದಿಸಿದ್ದೂ ಇಲ್ಲಿಯದೇ ಸುಣ್ಣಕಲ್ಲು. ಸುಮಾರು 2000 ವರ್ಷದ ಹಿಂದಿನ ಆ ಶಿಲ್ಪಿಗಳು ಹಲಗೆಯನ್ನು ಹಲಗೆಯಾಗಿಯೇ ಉಳಿಸಿಕೊಂಡು ಮೇಲ್ಮೈಯಲ್ಲೇ ಆಕೃತಿ ಎಬ್ಬಿಸಿದ್ದಾರೆ. ಅದರಲ್ಲೊಂದರಲ್ಲಿ ಅಶೋಕ ರಾಣಿಯ ಜೊತೆ ನಿಂತಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' (ರಾಜ ಅಶೋಕ) ಎಂದು ಹೆಸರೂ ಇದೆ.

ನನಗೆ ಮಾತ್ರ ಅಶೋಕನ ಮುಖಕ್ಕಿಂತ ಪಕ್ಕದ ಸನ್ನತಿಯ ಇನ್ನೊಂದು ಕಲ್ಲು ಜಾಸ್ತಿ ಕಾಡುತ್ತದೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ನೋಡಿದರೆ ವಿಗ್ರಹದ ಪೀಠವೇ ಅಶೋಕನ ಶಾಸನ! ವಿಗ್ರಹ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಕೇಳಿದವರೆಲ್ಲ "ಅಯ್ಯೋ, ಹಾಳ್ ಮಾಡ್ಯಾರ" ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪೀಠ ಬೇಕಿತ್ತು, ಒಳ್ಳೆ ಹಲಗೆ ಸಿಕ್ಕಿತು, ಹಾಕಿದರು. ಕೆಲಸಕ್ಕೆ ಬಂದಿದ್ದಕ್ಕೇ ಅದು ಒಡೆದು ಚೂರಾಗದೆ ಉಳಿಯಿತು ಅನ್ನೋದು ನನ್ನ ಲೆಕ್ಕ.

ಮತ್ತ ಪಾಲಿಶ್ ಯಾಕ? ಈ ಪ್ರಶ್ನೆ ಇಟ್ಟುಕೊಂಡೇ ಭಾನುವಾರ ಊರಿಗೆ ಹೋದೆ. ನಮ್ಮ ಹಳೇ ಮನೆಯ ಅಡುಗೆ ಖೋಲಿಯಲ್ಲಿ ಒಲೆ ಮುಂದೆ ಒಂದು ಫರ್ಸಿ ಇದೆ. ಅಮ್ಮಮ್ಮ ಜೀವನಪೂರ್ತಿ ಅದರ ಮೇಲೆ ಕೂತು ರೊಟ್ಟಿ ಬಡಿದವಳು. ಕೈಯಾಡಿಸಿದರೆ ಉಳಿದ ಕಲ್ಲುಗಳು ಒರಟು, ಅದೊಂದು ನುಣುಪು. ನಡುವೆ ಚೂರು ತಗ್ಗು ಕೂಡ. ಕಾಲು ಮಡಚಿ ಕೂರುತ್ತಿದ್ದ ಕಡೆ ಎಡಕ್ಕೆ ಜಾಸ್ತಿ ಸವೆದಿದೆ, ನೋಯದ ಎಡ ಮಂಡಿಯ ಮೇಲೇ ಭಾರ ಹಾಕುತ್ತಿದ್ದಳಲ್ಲ. ನಾನು ಎಷ್ಟು ಗ್ರೈಂಡರ್ ಓಡಿಸಿದರೂ ಈ ತಗ್ಗು ಬರಲಿಕ್ಕಿಲ್ಲ. ಇದನ್ನೇ ಪರೀಕ್ಷೆಗೆ ಇಡಬೇಕು ಅಂತ ಅಲ್ಲೇ ತೀರ್ಮಾನಿಸಿದೆ. ಪೀಠದ ಮೇಲಲ್ಲ, ನೆಲದಲ್ಲೇ. ಸುತ್ತ ಶಹಾಬಾದಿನಿಂದ ತಂದ ಹೊಸ ಫರ್ಸಿ ಹಾಸಿ, ಬಂದವರು ನಡೆಯಲಿ.

ಸರ್‌ಗೆ ಹೇಳಿದೆ. "ಅಮೆರಿಕದ ಶಿಲ್ಪಿ ಕಾರ್ಲ್ ಆಂದ್ರೆ 1960ರ ದಶಕದಲ್ಲೇ ಲೋಹದ ಹಲಗೆ ಹಾಸಿ ಜನರನ್ನ ನಡೆಸಿಬಿಟ್ಟಿದ್ದಾನೆ" ಎಂದರು. ಏನೇ ಹೇಳಿ, ಅದನ್ನು ಯಾರೋ ಅಮೆರಿಕದವನು ಆಗಲೇ ಮಾಡಿರುತ್ತಾನೆ. ಒಳ್ಳೆ ಮನುಷ್ಯ, ಓದಿಕೊಂಡವರು. ಆದರೆ ಆಂದ್ರೆಯ ಹಲಗೆಯ ಮೇಲೆ ಯಾರಾದರೂ ಕೂತು ರೊಟ್ಟಿ ಬಡಿದಿದ್ದರಾ? "ನೀ ಕೆತ್ತಿದ್ದು ಯಾವುದು, ಅಂಕ ಯಾವುದಕ್ಕೆ ಕೊಡ್ಲಿ?" ಅಂತಲೂ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಈ ನಡುವೆ ದೊಡ್ಡಪ್ಪ ಆ ಮನೆಗೆ ಟೈಲ್ಸ್ ಹಾಕಿಸಲು ಹೊರಟಿದ್ದಾರೆ. ಆ ಒಂದು ಫರ್ಸಿ ನನಗೆ ಕೊಡಿ ಎಂದರೆ, "ಒಯ್ಯೋದಾದ್ರ ಮನಿದೆಲ್ಲಾ ಒಯ್ಯಿ, ಒಂದ್ ತಗೊಂಡು ಉಳಿದಿದ್ದು ನಾ ಎಲ್ಲಿ ಚೆಲ್ಲಲಿ? ಟ್ರ್ಯಾಕ್ಟರ್ ಬಾಡಿಗಿ ನಿಂದೇ" ಎಂದು ಫೋನ್ ಇಟ್ಟರು. ನಾಳೆ ಟ್ರ್ಯಾಕ್ಟರಿನವನ ಹತ್ತಿರ ಚೌಕಾಸಿಗೆ ಹೋಗಬೇಕು.