ಈಸ್ಟರ್ ದಿನ ಇಯರ್ ಎಂಡ್

2024ರಲ್ಲಿ ಮಾರ್ಚ್ 31 ಭಾನುವಾರ ಬಂದಿತ್ತು. ಅವತ್ತೇ ಯೇಸು ಸಾವಿಂದ ಎದ್ದ ಹಬ್ಬ ಈಸ್ಟರ್, ಅವತ್ತೇ ನಮ್ಮಂಥ ಅಕೌಂಟ್ಸ್ ಕೆಲಸದವ್ರಿಗೆ ಇಯರ್ ಎಂಡ್. ಚಿಕ್ಕಪೇಟೆಲಿ ಒಂದು ಸೀರೆ ಹೋಲ್‌ಸೇಲ್ ಅಂಗಡಿಲಿ ಲೆಕ್ಕ ಬರೆಯೋನು ನಾನು, ಆರಾಧನೆ ಮುಗಿಸ್ಕೊಂಡು ಬರ್ತೀನಿ ಅಂತ ಓನರ್‌ಗೆ ಹೇಳಿದ್ದೆ.

ಹಿಂದಿನ ರಾತ್ರಿ ಅಪ್ಪನ ಮೇಲೆ ಕೂಗಾಡಿದ್ದೆ. ಅವ್ರಿಗೆ ಮರೆವು ಜಾಸ್ತಿಯಾಗಿದೆ, ಶುಗರ್ ಮಾತ್ರೆ ತಗೊಂಡ್ರಾ ಅಂದ್ರೆ ತಗೊಂಡೆ ಅಂತಾರೆ, ಡಬ್ಬಿ ತೆಗೆದು ನೋಡಿದ್ರೆ ಹಾಗೇ ಇರುತ್ತೆ, ಅವತ್ತು ಮೂರನೇ ಸಲ ಹಾಗಾದಾಗ ಬಾಯಿಗೆ ಬಂದಿದ್ದೆಲ್ಲ ಅಂದುಬಿಟ್ಟೆ. ಅವ್ರು ಏನೂ ಅನ್ನದೆ ಗೋಡೆ ಕಡೆ ತಿರುಗಿ ಮಲಗಿದ್ರು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್, ಅದು ಪೂರ್ತಿ ಅಪ್ಪನ ಹತ್ರ ದನಿ ಏರಿಸಲ್ಲ ಅಂತ ದೇವರ ಮುಂದೆ ಮಾತು ಕೊಟ್ಟಿದ್ದೆ, ಕೊನೇ ರಾತ್ರಿ ಮುರಿದೆ.

ಬೆಳಗ್ಗೆ ಅವೆನ್ಯೂ ರೋಡಿನ ರೈಸ್ ಮೆಮೋರಿಯಲ್ ಚರ್ಚಲ್ಲಿ "ಕರ್ತನು ಎದ್ದಿದ್ದಾನೆ" ಅಂತ ಎಲ್ಲರೂ ಹೇಳ್ತಿದ್ರೆ ನನ್ನ ಗಂಟಲಿಂದ ದನಿನೇ ಬರ್ಲಿಲ್ಲ. ಕರ್ತನ ಭೋಜನಕ್ಕೆ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋಕೆ, ನಮ್ಮ ಸಾಲಿನವ್ರೆಲ್ಲ ಎದ್ದು ಹೋದ್ರು, ನಾನು ಕೂತೇ ಇದ್ದೆ. ಪಕ್ಕದ ಆಂಟಿ ವಾಪಸ್ ಬಂದು "ಯಾಕಪ್ಪಾ ಹುಷಾರಿಲ್ವಾ" ಅಂತ ಕೇಳಿದ್ರು, ಹೂಂ ಅಂದೆ. ನಾನು ನಿಜವಾಗ್ಲೂ ದೇವರ ಮಗನಾ ಅನ್ನೋ ಈ ಅನುಮಾನ ನಂಗೆ ಹೊಸದಲ್ಲ, ಚೆನ್ನಾಗಿ ನಡ್ಕೊಂಡ ವಾರ ಇರಲ್ಲ, ಎಡವಿದ ವಾರ ತಪ್ಪದೆ ಬರುತ್ತೆ.

ಅಂಗಡಿಗೆ ಹೋದೆ. ಬೀದಿ ಪೂರ್ತಿ ಶಟರ್ ಎಳೆದಿತ್ತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಲಿ ಒಂದು 18,400 ರೂಪಾಯಿ ಸಸ್ಪೆನ್ಸ್ ಅಕೌಂಟಲ್ಲಿ ಬಿದ್ದಿತ್ತು. ಬ್ಯಾಂಕಿಗೆ ಬಂದಿದೆ, ಯಾರ ಬಾಬ್ತು ಅಂತ ಗೊತ್ತಿಲ್ಲ, ಹಾಗೆ ಗೊತ್ತಾಗದೆ ಇರೋದನ್ನ ಅಲ್ಲಿ ಇಡ್ತೀವಿ, ವರ್ಷ ಮುಗಿಯೋದ್ರೊಳಗೆ ಸರಿಮಾಡ್ಬೇಕು. ಫೋನ್ ಮೇಲೆ ಫೋನ್ ಮಾಡಿ ಮಧ್ಯಾಹ್ನಕ್ಕೆ ಗೊತ್ತಾಯ್ತು, ದಾವಣಗೆರೆ ಪಾರ್ಟಿಯೊಬ್ರ ಬಾಕಿ ಅದು, ಅವ್ರ ಕೈಲಿ ಆಗ್ಲಿಲ್ಲ ಅಂತ ಅವ್ರ ಅಣ್ಣನೇ ಸ್ವಂತ ಅಕೌಂಟಿಂದ ಕಟ್ಟಿದ್ರು. ಪಾರ್ಟಿ ಹೆಸರಿಗೆ ಜಮಾ ಮಾಡಿದೆ. ಆ ಪಾರ್ಟಿ ಆ ಹೊತ್ತಲ್ಲಿ ಏನ್ ಮಾಡ್ತಿದ್ರು, ಮನಸ್ಸು ಹೇಗಿತ್ತು, ಅದ್ಯಾವುದೂ ಲೆಡ್ಜರ್‌ಗೆ ಬೇಕಾಗ್ಲಿಲ್ಲ.

ಕೈ ಹಾಗೇ ಕೀಬೋರ್ಡ್ ಮೇಲೆ ನಿಂತುಹೋಯ್ತು. ಬೈಬಲ್‌ನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ನೆನಪಾಯ್ತು, ಫೋನಲ್ಲೇ ತೆಗೆದು ಓದಿದೆ. ನೀತಿ ಅಂದ್ರೆ ದೇವರ ಮುಂದೆ ಸರಿಯಾದವನು ಅನ್ನೋ ಸ್ಥಾನ, ಅಲ್ಲಿ "ನೀತಿ ಅಂತ ಎಣಿಸಲ್ಪಟ್ಟಿತು" ಅನ್ನೋದ್ರಲ್ಲಿ ಎಣಿಸೋದಕ್ಕೆ ಪೌಲ ಬಳಸೋ ಗ್ರೀಕ್ ಮಾತು ಲೆಕ್ಕದವರ ಮಾತೇ, ಆ ಒಂದೇ ಅಧ್ಯಾಯದಲ್ಲಿ 11 ಸಲ ಬರುತ್ತೆ. ನಮ್ಮವರಿಗೆ ಡೇಟ್ ಮುಖ್ಯ ಅಲ್ವಾ, ಪೌಲನೂ ಅದನ್ನೇ ಹಿಡ್ಕೊತಾನೆ. ಅಬ್ರಹಾಮ ದೇವರನ್ನ ನಂಬಿದಾಗ ಅವನ ಹೆಸರಿಗೆ ನೀತಿ ಬರೆದಿದ್ದು ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದಲ್ಲಿ, ದೇವರ ಒಡಂಬಡಿಕೆಯ ಗುರುತಾಗಿ ಸುನ್ನತಿ ಆಗಿದ್ದು 17ರಲ್ಲಿ, ಅವನಿಗೆ 99 ವರ್ಷ ಆದಾಗ. ನೀತಿ ಬರೆದ ಮೇಲೆ ಅವನ ಮಗ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86, ಅಂದ್ರೆ ಮಧ್ಯೆ ಕಮ್ಮಿ ಅಂದ್ರೂ 13 ವರ್ಷ. ಸುನ್ನತಿ ಆಗೋಕೆ ಅಷ್ಟು ಮುಂಚೆನೇ ಎಂಟ್ರಿ ಬಿದ್ದಿತ್ತು! ಪೌಲನ ಆ ಅಧ್ಯಾಯದ 5ನೇ ವಚನದಲ್ಲಂತೂ ದೇವರು ನೀತಿವಂತ ಅಂತ ತೀರ್ಪು ಕೊಡೋದು ಭಕ್ತಿಹೀನನಿಗೆ ಅಂತಿದೆ, ಒಳ್ಳೇ ವಾರ ಕಳೆದವನಿಗೆ ಅಂತ ಇಲ್ಲ.

ದಾವಣಗೆರೆಯವರ ಲೆಡ್ಜರ್ ಸೊನ್ನೆಗೆ ಬಂದು ನಿಂತಿತು ಅಷ್ಟೇ, ನಾಳೆ ಮಾಲು ತಗೊಂಡ್ರೆ ಮತ್ತೆ ಬಾಕಿ. ನನ್ನ ಲೆಕ್ಕ ಹಾಗಲ್ಲ, ಯೇಸು ನನ್ನ ಸಾಲ ತೀರಿಸಿದ್ದು ಮಾತ್ರ ಅಲ್ಲ, ಆತನ ನೀತಿನೇ ನನ್ನ ಹೆಸರಿಗೆ ಬಂದಿದೆ. ಆ ಅಧ್ಯಾಯದ ಕೊನೇ ವಚನ ಆತನು ಎದ್ದಿದ್ದೇ ನಾವು ನೀತಿವಂತರು ಅನ್ನೋ ತೀರ್ಪಿಗೋಸ್ಕರ ಅನ್ನುತ್ತೆ, ಅದನ್ನ ಈಸ್ಟರ್ ದಿನ ಓದ್ತಿದ್ದೆ ನಾನು. ಇಷ್ಟು ವರ್ಷ ದೇವರು ಬರೆದು ಮುಗಿಸಿದ್ದನ್ನ ನಾನೇ ಸಸ್ಪೆನ್ಸಲ್ಲಿ ಇಟ್ಕೊಂಡು ಕೂತಿದ್ದೆ. ಅಂಗಡಿಲಿ ಯಾರೂ ಇರ್ಲಿಲ್ಲ, ಅತ್ತುಬಿಟ್ಟೆ.

ಹಾಗಂತ ಕೂಗಾಡಿದ್ದು ಸರಿ ಆಗ್ಲಿಲ್ಲ. ಆದ್ರೆ ಕ್ಷಮೆ ಕೇಳೋಕೆ ಇದ್ದ ಭಯ ಹೋಗಿತ್ತು. ಮನೆಗೆ ಬರೋಷ್ಟರಲ್ಲಿ ರಾತ್ರಿ ಒಂಬತ್ತೂವರೆ, ಅಪ್ಪ ಊಟ ಮಾಡದೆ ಕಾಯ್ತಿದ್ರು. ಅವರ ಪಕ್ಕ ಕೂತು "ಅಪ್ಪಾ, ನಿನ್ನೆ ತಪ್ಪಾಯ್ತು" ಅಂದೆ.

"ನಿನ್ನೆ ಏನಾಯ್ತೋ?" ಅಂದ್ರು.

ನೆನಪಿತ್ತೋ ಇಲ್ವೋ, ನಂಗೆ ಗೊತ್ತಾಗ್ಲಿಲ್ಲ. ಹೇಳಿದೆ, ಅಂದ ಮಾತುಗಳನ್ನೂ ಬಿಡದೆ ಹೇಳಿದೆ. ಅವರು ನನ್ನ ತಲೆ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಅನ್ನ ಬಡಿಸು ಅಂದ್ರು.